ಮರಗಸಿಗೆ ಪಳಗಿದ ಆಳೇ ಬೇಕು, ಕೂಸು ನೋಡಲು ಯಾರಾದರೂ ಸಾಕೇ?

ನವೆಂಬರ್ ಬಂತೆಂದರೆ ನಮ್ಮ ಕಡೆ ಅರೇಬಿಕಾ ಹಣ್ಣಾಗುತ್ತದೆ. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ ಶುರು. ಮಾರ್ಚ್‌ವರೆಗೂ ಮೂಡಿಗೆರೆ, ಕಳಸ, ಆಲ್ದೂರು, ಬಾಳೆಹೊನ್ನೂರು ಸುತ್ತಿನ ತೋಟಗಳಲ್ಲಿ ಆಳು ಸಿಕ್ಕರೆ ಸಾಕು ಎನ್ನುವ ಕಾಲ. ಬೆಳಿಗ್ಗೆ ಪಿಕಪ್‌ನಲ್ಲಿ ನಿಂತು ಹೋಗುವ ಹೆಂಗಸರನ್ನು ನೀವೂ ನೋಡುತ್ತೀರಿ. ಅವರಲ್ಲಿ ಎಷ್ಟೋ ಜನರಿಗೆ ಹಾಲು ಕುಡಿಯುವ ಕೂಸಿದೆ. ತಾಯಿ ಹಣ್ಣು ಕೊಯ್ಯುವ ಆ ಎಂಟು ಗಂಟೆ ಕೂಸು ಯಾರ ಕೈಯಲ್ಲಿರುತ್ತದೆ? ಆ ಕೈಗೆ ಏನು ಗೊತ್ತಿದೆ?

ಮೊದಲನೆಯ ಪ್ರಶ್ನೆಯನ್ನು ಆಗೀಗಲಾದರೂ ಯಾರಾದರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ. ಹಾಗಾಗಿ ನಾವು ಅದನ್ನೇ ಕೇಳುತ್ತಿದ್ದೇವೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವುದು ಒಂದು ಕಸುಬು. ಅದನ್ನು ನಾಲ್ಕು ದಿನದ ಶಿಬಿರದಲ್ಲಿ ಕಲಿಸಲು ಆಗುವುದಿಲ್ಲ. ತೋಟದ ಶಿಶುಪಾಲನಾ ಕೇಂದ್ರದಲ್ಲಿರಲಿ, ಪಂಚಾಯತಿಯ ಕೂಸಿನ ಮನೆಯಲ್ಲಿರಲಿ, ಮಗು ನೋಡಿಕೊಳ್ಳುವ ಹೆಂಗಸಿಗೆ ಕೆಲಸ ಮಾಡುತ್ತಲೇ ಕನಿಷ್ಠ ಒಂದು ವರ್ಷದ ತರಬೇತಿ ಸಿಗಬೇಕು. ಕಲಿತ ಮೇಲೆ ಕುಶಲ ಕೆಲಸಗಾರರ ಕೂಲಿ ಸಿಗಬೇಕು. ಯಾಕೆ ಎಂದು ಮುಂದೆ ಹೇಳುತ್ತೇವೆ.

ಯಾರನ್ನು ಕೂರಿಸುತ್ತೇವೆ

ತೋಟದಲ್ಲಿ ಕೆಲಸ ಹಂಚುವುದನ್ನು ಒಮ್ಮೆ ಗಮನಿಸಿ. ಮರಗಸಿಗೆ ಮೇಸ್ತ್ರಿ ಸಿಕ್ಕಿದವರನ್ನು ಕಳಿಸುವುದಿಲ್ಲ. ನೆರಳಿನ ಮರ ಹತ್ತಿ ಯಾವ ಕೊಂಬೆ ಉಳಿಸಬೇಕು, ಯಾವುದನ್ನು ಕಡಿಯಬೇಕು, ಕಡಿದದ್ದು ಕಾಫಿ ಗಿಡದ ಮೇಲೆ ಬೀಳದಂತೆ ಹೇಗೆ ಇಳಿಸಬೇಕು ಎಂದು ಗೊತ್ತಿದ್ದವರೇ ಬೇಕು. ಅದಕ್ಕೆ ಕೂಲಿಯೂ ಬೇರೆ. ಗಿಡದ ಕಸಿಗೂ ಅಷ್ಟೇ. ಪಳಗಿದವರ ಜೊತೆ ನಾಲ್ಕೈದು ವರ್ಷ ಓಡಾಡಿದ ಮೇಲೆಯೇ ಕೈಗೆ ಕತ್ತರಿ ಸಿಗುವುದು.

ಗಿಡದ ಬಗ್ಗೆ ನಮಗಿರುವ ಕಾಳಜಿ ಇವತ್ತಿನದಲ್ಲ. ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದು 1925ರಲ್ಲಿ. ಈಗ ಅದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಎಲೆ ತುಕ್ಕು, ಕಾಂಡಕೊರಕ, ಹೊಸ ತಳಿ ಎಂದು ನೂರು ವರ್ಷದಿಂದ ಕಲಿಯುವುದು, ಕಲಿಸುವುದು ನಡೆದೇ ಇದೆ. ಒಳ್ಳೆಯದೇ. ಅದರಿಂದಲೇ ಈ ಗುಡ್ಡಗಳಲ್ಲಿ ಕಾಫಿ ಉಳಿದಿದೆ.

ಈಗ ಕೂಸಿನ ಕಡೆ ಬನ್ನಿ. ಮಗು ನೋಡಲು ನಾವು ಸಾಮಾನ್ಯವಾಗಿ ಯಾರನ್ನು ಬಿಡುತ್ತೇವೆ? ಗುಡ್ಡ ಹತ್ತಲಾಗದ ವಯಸ್ಸಾದವರನ್ನು, ತುಂಬು ಬಸುರಿಯನ್ನು, ಹುಷಾರಿಲ್ಲದೆ ಎದ್ದವರನ್ನು. ಚುರುಕಾದ ಕೈಯೆಲ್ಲ ಕೊಯ್ಲಿಗೆ ಹೋಗುತ್ತದೆ, ಯಾಕೆಂದರೆ ಅಲ್ಲಿ ಕೆಜಿ ಲೆಕ್ಕದಲ್ಲಿ ಹೆಚ್ಚು ದುಡ್ಡು ಸಿಗುತ್ತದೆ. ಕೇಂದ್ರವೇ ಇಲ್ಲದ ಕಡೆ ಲೈನ್ ಮನೆಯಲ್ಲಿ ಹತ್ತು ವರ್ಷದ ಅಕ್ಕನ ಕೈಗೆ ಕೂಸು ಕೊಟ್ಟು ಹೋಗುತ್ತಾರೆ, ಆ ಹುಡುಗಿಯ ಶಾಲೆ ತಪ್ಪುತ್ತದೆ. ಇಲ್ಲವೇ ತೋಟದಲ್ಲೇ ಮರಕ್ಕೆ ಸೀರೆಯ ಜೋಲಿ ಕಟ್ಟುತ್ತಾರೆ. ಕೆಳಗೆ ಇಂಬಳ, ಇರುವೆ. ಯಾವ ತಾಯಿಯೂ ಇದನ್ನು ಇಷ್ಟಪಟ್ಟು ಮಾಡುವುದಿಲ್ಲ. ಒಂದು ದಿನದ ಕೂಲಿ ಬಿಡಲಾಗದೆ ಮಾಡುತ್ತಾರೆ.

ಕಾನೂನಿನಲ್ಲಿದ್ದ ಒಂದು ಪದ

ಇದು ಕಾನೂನಿಗೆ ಗೊತ್ತಿಲ್ಲದ ವಿಷಯವೇನಲ್ಲ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ 12ನೇ ಕಲಂ ನೋಡಿ. 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಅವರ ಮಕ್ಕಳಿಗೆ ಕೋಣೆ ಇರಬೇಕು. ಮುಂದೆ 20 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿದ್ದರೂ ಸಾಕು ಎಂದು ಸೇರಿಸಲಾಯಿತು. ಗುತ್ತಿಗೆದಾರರ ಮೂಲಕ ಬಂದ ಹೆಂಗಸರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೋಣೆಗೆ ಗಾಳಿ ಬೆಳಕು ಇರಬೇಕು, ಚೊಕ್ಕಟವಾಗಿರಬೇಕು. ಇನ್ನೂ ಒಂದು ಮಾತಿದೆ: ಮಕ್ಕಳು ಮತ್ತು ಹಸುಗೂಸುಗಳ ಆರೈಕೆಯಲ್ಲಿ ತರಬೇತಿ ಪಡೆದ ಹೆಂಗಸಿನ ಉಸ್ತುವಾರಿಯಲ್ಲಿ ಅದು ನಡೆಯಬೇಕು.

ತರಬೇತಿ ಪಡೆದ. ಈ ಪದ 1951ರಲ್ಲೇ ಬರೆದದ್ದು. ಆದರೆ ಕಲಂ ಅಷ್ಟಕ್ಕೇ ನಿಲ್ಲುತ್ತದೆ. ಎಷ್ಟು ದಿನದ ತರಬೇತಿ, ಏನು ಕಲಿತಿರಬೇಕು ಎಂದು ಅದು ಹೇಳುವುದಿಲ್ಲ. ತೋಟಗಳಿಗೆ ತಪಾಸಣೆಗೆ ಬಂದವರು ಕೋಣೆ ಇದೆಯೇ, ತೊಟ್ಟಿಲಿದೆಯೇ, ಹಾಲು ಕೊಡುತ್ತಾರೆಯೇ ಎಂದು ನೋಡಬಹುದು. ಆ ಹೆಂಗಸಿಗೆ ಏನು ಗೊತ್ತು ಎಂದು ಅಳೆಯಲು ಅವರ ಕೈಯಲ್ಲಿ ಅಳತೆಗೋಲೇ ಇರಲಿಲ್ಲ.

2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಈ ಹಳೆಯ ಕಾಯ್ದೆಯನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ತೋಟಗಳಲ್ಲಿ ಶಿಶುಪಾಲನೆಯ ಸೌಲಭ್ಯ ಇರಬೇಕೆಂದು ಅದೂ ಹೇಳುತ್ತದೆ, ವಿವರವನ್ನು ನಿಯಮಗಳಿಗೆ ಬಿಡುತ್ತದೆ. ಆ ಹಳೆಯ ಪದಕ್ಕೆ ಅರ್ಥ ತುಂಬಲು ಇದು ಒಳ್ಳೆಯ ಅವಕಾಶ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಮಾತು. ನಮ್ಮ ಭಾಗದಲ್ಲಿ ದೊಡ್ಡ ಎಸ್ಟೇಟ್‌ಗಳಿಗಿಂತ ಐದು, ಹತ್ತು ಎಕರೆಯ ಬೆಳೆಗಾರರೇ ಹೆಚ್ಚು. ಅಲ್ಲಿ ಐವತ್ತು ಹೆಂಗಸರು ಒಟ್ಟಿಗೆ ಕೆಲಸ ಮಾಡುವ ಮಾತೇ ಇಲ್ಲ. ಅಂಥ ತೋಟಗಳಿಗೆ ಹೋಗುವ ತಾಯಂದಿರಿಗೆ ಈ ಕಾಯ್ದೆಯ ಕೋಣೆ ಸಿಕ್ಕಿದ್ದೇ ಇಲ್ಲ. ಅವರಿಗೆ ಉಳಿದಿರುವುದು ಊರಿನ ವ್ಯವಸ್ಥೆ.

ಕೂಸಿನ ಮನೆ ಬಂತು, ಕೈ ಬದಲಾಗುತ್ತಲೇ ಇದೆ

2005ರ ನರೇಗಾ ಕಾಯ್ದೆಯಲ್ಲಿಯೂ ಇದರ ಬಗ್ಗೆ ಒಂದು ಸಾಲಿತ್ತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಕೆಲಸಗಾರರಲ್ಲೇ ಒಬ್ಬ ಹೆಂಗಸನ್ನು ಮಕ್ಕಳನ್ನು ನೋಡಿಕೊಳ್ಳಲು ಬಿಡಬೇಕು, ಅವರಿಗೂ ಕೂಲಿ ಕೊಡಬೇಕು. 2023ರ ಜುಲೈನ ಬಜೆಟ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಒಂದು ಹೆಜ್ಜೆ ಮುಂದೆ ಹೋಗಿ, 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ಹೆಸರೇ ಚೆಂದ. ಯೋಜನೆಯನ್ನು ನಾವು ಮನಸಾರೆ ಒಪ್ಪುತ್ತೇವೆ. ಅಂಗನವಾಡಿಯಲ್ಲಿ ಮಕ್ಕಳು ಕೂತು ಕಲಿಯುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಆಹಾರದ ಪೊಟ್ಟಣ ಬರುತ್ತದೆ, ನೋಡಿಕೊಳ್ಳುವ ಕೈ ಬರುವುದಿಲ್ಲ. ಆ ಜಾಗವನ್ನು ಕೂಸಿನ ಮನೆ ತುಂಬಿತು.

ಆದರೆ ಆರೈಕೆ ಮಾಡುವವರ ವಿಷಯದಲ್ಲಿ ಒಂದು ತೊಡಕು ಉಳಿಯಿತು. ಜಾಬ್ ಕಾರ್ಡ್ ಇರುವ ಹೆಂಗಸರನ್ನು ಆರಿಸಿ, ಕೆಲವೇ ದಿನದ ತರಬೇತಿ ಕೊಟ್ಟು, ಸರದಿಯ ಮೇಲೆ ಕೂರಿಸುವ ಏರ್ಪಾಟು ಅದು. ನರೇಗಾದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ ಎಂಬ ಲೆಕ್ಕವಿತ್ತಲ್ಲ, ಹಾಗಾಗಿ ಒಬ್ಬರೇ ವರ್ಷಪೂರ್ತಿ ಇರಲು ಆಗುತ್ತಿರಲಿಲ್ಲ. ಕೂಲಿ ಹಂಚುವ ಲೆಕ್ಕಕ್ಕೆ ಇದು ಸರಿ. ಕೂಸಿನ ಲೆಕ್ಕಕ್ಕೆ ಸರಿಯಲ್ಲ. ಎಂಟು ತಿಂಗಳ ಮಗು ಒಬ್ಬರ ದನಿ, ಮೈವಾಸನೆ, ಎತ್ತಿಕೊಳ್ಳುವ ರೀತಿ ಗುರುತು ಹಿಡಿದು ನಂಬುವಷ್ಟರಲ್ಲಿ ಆಕೆಯ ಸರದಿ ಮುಗಿದಿರುತ್ತದೆ. ಕಲಿತದ್ದೂ ಆಕೆಯ ಜೊತೆಗೇ ಹೊರಟುಹೋಗುತ್ತದೆ.

ಅಷ್ಟಕ್ಕೂ ಕಲಿಯುವುದೇನಿದೆ?

‘ಮಗು ನೋಡಲು ಏನು ತರಬೇತಿ? ಹಾಲು ಕುಡಿಸಿ, ಬಟ್ಟೆ ಬದಲಿಸಿ, ಮಲಗಿಸಿದರೆ ಆಯಿತಲ್ಲ’ ಎಂದು ಹಲವರು ಹೇಳುತ್ತಾರೆ. ಒಂದು ಸಣ್ಣ ಲೆಕ್ಕ ಹಾಕೋಣ.

ಒಬ್ಬರ ಕೈಯಲ್ಲಿ ಆರು ಕೂಸು ಎಂದುಕೊಳ್ಳಿ. ಒಂದು ಮಗುವಿಗೆ ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸಲು ಐದೈದು ನಿಮಿಷ ಹಿಡಿದರೂ 20 ನಿಮಿಷ. ಮೂರು ಸಲ ತಿನ್ನಿಸಲು ಹದಿನೈದು ನಿಮಿಷದಂತೆ 45 ನಿಮಿಷ. ಆರು ಮಕ್ಕಳಿಗೆ ಒಟ್ಟು 390 ನಿಮಿಷ, ಅಂದರೆ ಆರೂವರೆ ಗಂಟೆ. ದಿನ ಮುಗಿದೇ ಹೋಯಿತು. ಮಗುವಿಗೆ ಪ್ರೀತಿ, ಮಾತು, ಕಲಿಕೆ ಏನೇ ಸಿಗಬೇಕಿದ್ದರೂ ಅದು ಈ ಬಟ್ಟೆ ಬದಲಿಸುವ, ತಿನ್ನಿಸುವ ಹೊತ್ತಿನಲ್ಲೇ ಸಿಗಬೇಕು. ಬೇರೆ ಹೊತ್ತು ಉಳಿದಿರುವುದೇ ಇಲ್ಲ.

ಈ ಮಾತನ್ನು ಹಿಡಿದು ಇಡೀ ಜೀವನ ಕೆಲಸ ಮಾಡಿದ ಮಕ್ಕಳ ವೈದ್ಯೆಯೊಬ್ಬರಿದ್ದರು. ಹಂಗೆರಿ ದೇಶದ ಎಮ್ಮಿ ಪಿಕ್ಲರ್ (1902–1984). ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬುಡಾಪೆಸ್ಟ್ ನಗರದ ಲೋಟ್ಸಿ ಎಂಬ ಬೀದಿಯಲ್ಲಿ ಹೆತ್ತವರ ಆಸರೆಯಿಲ್ಲದ ಹಸುಗೂಸುಗಳಿಗಾಗಿ ಒಂದು ಮನೆ ನಡೆಸುವ ಹೊಣೆ ಅವರಿಗೆ ಬಂತು. ಅಲ್ಲಿದ್ದ ನರ್ಸ್‌ಗಳು ಚೊಕ್ಕಟವಾಗಿ ಕೆಲಸ ಮಾಡುತ್ತಿದ್ದರು, ಆದರೆ ಬೇಗ ಬೇಗ, ಸಾಮಾನು ಎತ್ತಿಡುವ ಹಾಗೆ. ಪಿಕ್ಲರ್ ಅವರನ್ನು ಬಿಟ್ಟು, ಮಕ್ಕಳ ಬಗ್ಗೆ ಆಸಕ್ತಿಯಿದ್ದ ಹಳ್ಳಿಯ ತರುಣಿಯರನ್ನು ಕರೆತಂದರು. ಅವರಿಗೆ ಈ ಕೆಲಸದ ಸರ್ಟಿಫಿಕೇಟ್ ಇರಲಿಲ್ಲ. ತಾವೇ ಕೈಹಿಡಿದು ಕಲಿಸಿದರು.

ಕಲಿಸಿದ್ದು ಕೇಳಲು ಬಹಳ ಸರಳ. ಎತ್ತುವ ಮುಂಚೆ ಮಗುವಿಗೆ ಹೇಳಿ. ಬಟ್ಟೆ ಬದಲಿಸುವಾಗ ಅವಸರ ಮಾಡಬೇಡಿ, ಮಗುವಿನ ಮುಖ ನೋಡಿ, ಅದರ ಉತ್ತರಕ್ಕೆ ಕಾಯಿರಿ. ತಾನಾಗಿ ಕೂರಲು ಬಾರದ ಮಗುವನ್ನು ದಿಂಬು ಕೊಟ್ಟು ಕೂರಿಸಬೇಡಿ, ಗಟ್ಟಿ ನೆಲದ ಮೇಲೆ ಬಿಡಿ, ಹೊರಳಲಿ, ತೆವಳಲಿ, ತನ್ನ ಕಾಲಕ್ಕೆ ತಾನೇ ಕೂರುತ್ತದೆ. ಒಂದು ಮಗುವಿಗೆ ಮುಖ್ಯವಾಗಿ ಒಂದೇ ಕೈ ಇರಲಿ. ಪಿಕ್ಲರ್ ಅವರಿಂದ ಕಲಿತ ಮ್ಯಾಗ್ಡಾ ಗರ್ಬರ್ ಇದನ್ನು ಅಮೆರಿಕಕ್ಕೆ ಒಯ್ದು, 1978ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ಸಂಸ್ಥೆ ಕಟ್ಟಿದರು. ಈ ರೀತಿಯ ಆರೈಕೆಯ ತಳಹದಿಯೇ ‘ಗೌರವ’ ಎಂದು ಅವರು ಹೇಳುತ್ತಿದ್ದರು.

ಹಸುಗೂಸಿಗೆ ಎಂಥ ಗೌರವ ಎಂದು ನಗಬೇಡಿ. ನಮ್ಮ ಮಲೆನಾಡಿನ ಅಜ್ಜಿಯರು ಕೂಸಿಗೆ ಎಣ್ಣೆ ನೀರು ಹಾಕುವುದನ್ನು ನೆನಪಿಸಿಕೊಳ್ಳಿ. ಕಾಲು ಚಾಚಿ ಕೂತು, ಕಾಲ ಮೇಲೆ ಮಲಗಿಸಿಕೊಂಡು, ‘ಈಗ ಬೆನ್ನಿಗೆ ಹಾಕ್ತೀನಿ ಕಣೋ, ಈಗ ತಲೆಗೆ’ ಎಂದು ಹೇಳುತ್ತಲೇ ನೀರು ಹಾಕುತ್ತಾರೆ. ಆ ಅರ್ಧ ಗಂಟೆ ಅವರ ಗಮನ ಎಲ್ಲೂ ಹೋಗುವುದಿಲ್ಲ. ಅದೇ ಗೌರವ. ಬುಡಾಪೆಸ್ಟ್‌ನ ವೈದ್ಯೆ ಹೇಳಿದ್ದರಲ್ಲಿ ಅರ್ಧ ನಮ್ಮ ಬಚ್ಚಲು ಮನೆಯಲ್ಲೇ ಇತ್ತು.

ಉಳಿದರ್ಧ ನಾವು ಕಲಿಯಬೇಕು. ‘ಗುಮ್ಮ ಬಂತು’ ಎಂದು ಹೆದರಿಸಿ ತಿನ್ನಿಸುವುದು, ಬಾಯಿ ಮುಚ್ಚಿಕೊಂಡ ಮಗುವಿಗೆ ಮೂಗು ಹಿಡಿದು ತುರುಕುವುದು, ಬಣ್ಣ ನೋಡಿ ‘ಕರಿಯ’ ಎಂದು ಕರೆಯುವುದು, ಮೂರು ತಿಂಗಳಿಗೇ ಕೂರಿಸಲು ನೋಡುವುದು, ಅತ್ತರೆ ಮೊಬೈಲ್ ತೋರಿಸುವುದು, ಇವೆಲ್ಲ ನಮ್ಮಲ್ಲಿ ನಡೆಯುತ್ತವೆ. ಪ್ರೀತಿಯಿಲ್ಲದೆ ಯಾರೂ ಮಾಡುವುದಿಲ್ಲ. ಆದರೆ ಪ್ರೀತಿ ಇದ್ದ ಮಾತ್ರಕ್ಕೆ ಕೈಗೆ ಎಲ್ಲ ತಿಳಿದಿರುವುದಿಲ್ಲ.

ನಮ್ಮ ಗುಡ್ಡದ ಕೂಸಿಗೆ ಬೇಕಾದ್ದು

ಇಲ್ಲಿನ ಕೇಂದ್ರಗಳಲ್ಲಿ ಕಲಿಯಬೇಕಾದ ಬೇರೆ ಕೆಲವು ಸಂಗತಿಗಳೂ ಇವೆ.

ಮೊದಲನೆಯದು ಭಾಷೆ. ತೋಟಗಳಿಗೆ ಅಸ್ಸಾಂ, ಜಾರ್ಖಂಡ್, ಬಿಹಾರ, ಪಶ್ಚಿಮ ಬಂಗಾಳದ ಕಡೆಯಿಂದ ಕುಟುಂಬಗಳು ಬರುತ್ತಿವೆ. ಕೂಸು ಮನೆಯಲ್ಲಿ ಕೇಳುವ ದನಿಯೇ ಬೇರೆ, ಕೇಂದ್ರದಲ್ಲಿ ಕೇಳುವ ದನಿಯೇ ಬೇರೆ. ಅದರ ತಾಯಿ ‘ನೀರು’, ‘ಹಾಲು’, ‘ಬಾ’ ಎನ್ನಲು ಯಾವ ಪದ ಬಳಸುತ್ತಾರೆ ಎಂದು ಆಯಾ ಕೇಳಿ ತಿಳಿದುಕೊಂಡರೆ ಸಾಕು, ಮಗುವಿನ ಅರ್ಧ ಅಳು ಕಡಿಮೆಯಾಗುತ್ತದೆ. ‘ಅಸ್ಸಾಮಿ ಪಾಪು’ ಎಂದು ಕರೆಯುವ ಬದಲು ತಾಯಿ ಕರೆಯುವ ಹೆಸರನ್ನೇ ರಿಜಿಸ್ಟರ್‌ನಲ್ಲಿ ಬರೆದುಕೊಂಡು ಅದರಲ್ಲೇ ಕರೆಯಬೇಕು. ಇದಕ್ಕೆ ಖರ್ಚೇನೂ ಇಲ್ಲ, ಅಭ್ಯಾಸ ಬೇಕು.

ಎರಡನೆಯದು ಮೊದಲ ವಾರ. ಹೊಸ ಮಗುವನ್ನು ಬೆಳಿಗ್ಗೆ ಬಾಗಿಲಲ್ಲಿ ಕಸಿದುಕೊಂಡಂತೆ ತೆಗೆದುಕೊಂಡರೆ ಅದು ದಿನವಿಡೀ ಅಳುತ್ತದೆ. ಮೊದಲ ಎರಡು ಮೂರು ದಿನ ತಾಯಿಯೋ ಅಜ್ಜಿಯೋ ಸ್ವಲ್ಪ ಹೊತ್ತು ಜೊತೆಗೆ ಕೂರಬೇಕು. ತಾಯಿ ಹೋಗುವಾಗ ಕದ್ದು ಹೋಗದೆ ಹೇಳಿ ಹೋಗಬೇಕು. ಇದಕ್ಕೆ ಮೇಸ್ತ್ರಿ, ರೈಟರ್ ಒಪ್ಪಬೇಕು. ಒಪ್ಪಿಸುವ ಮಾತು ಆಯಾಗೆ ಬರಬೇಕು.

ಮೂರನೆಯದು ಎದೆಹಾಲು. ಕಾನೂನಿನ ಪ್ರಕಾರ, ಹೆರಿಗೆಯಾಗಿ ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಸಿಗಬೇಕು. ತಾಯಿ ಕೊಯ್ಲಿಗೆ ಹೋದ ಬ್ಲಾಕ್ ದೂರವಿದ್ದರೆ ಈ ಬಿಡುವು ಕಾಗದದಲ್ಲೇ ಉಳಿಯುತ್ತದೆ. ಯಾವ ಮಗುವಿನ ತಾಯಿ ಇವತ್ತು ಯಾವ ಕಡೆ ಹೋಗಿದ್ದಾರೆ, ಯಾವಾಗ ಕರೆಯಬೇಕು ಎಂಬ ಲೆಕ್ಕ ಆಯಾ ಹತ್ತಿರ ಇರಬೇಕು.

ನಾಲ್ಕನೆಯದು ಅಪಾಯ. ಅಡಿಕೆ ಚೂರು, ಕಾಫಿ ಬೀಜ ಗಂಟಲಿಗೆ ಸಿಕ್ಕಿದರೆ ಮೊದಲ ಎರಡು ನಿಮಿಷ ಏನು ಮಾಡಬೇಕು? ಔಷಧಿ ಹೊಡೆದ ಬಟ್ಟೆಯಲ್ಲೇ ತಾಯಿ ಬಂದರೆ ಕೂಸು ಕೊಡುವ ಮುಂಚೆ ಏನು ಹೇಳಬೇಕು? ಆಷಾಢದ ಮಳೆಯಲ್ಲಿ ಒದ್ದೆ ಬಟ್ಟೆ ಒಣಗಿಸುವುದು ಎಲ್ಲಿ? ಆನೆ ಈ ಕಡೆ ಬಂದಿದೆ ಎಂದು ಫೋನ್ ಬಂದರೆ ಆರು ಮಕ್ಕಳನ್ನು ಎಲ್ಲಿಗೆ ಸೇರಿಸಬೇಕು? ಇವಕ್ಕೆಲ್ಲ ಒಂದು ದಿನದ ಉಪನ್ಯಾಸದಲ್ಲಿ ಉತ್ತರ ಕೊಡಬಹುದು. ಕೈಗೆ ಬರಬೇಕಾದರೆ ಮತ್ತೆ ಮತ್ತೆ ಮಾಡಿ ನೋಡಬೇಕು.

ಯಾಕೆ ಒಂದು ವರ್ಷ?

ಅಂಗನವಾಡಿ ಕಾರ್ಯಕರ್ತೆಯರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ‘ಪೋಷಣ್ ಭಿ, ಪಢಾಯಿ ಭಿ’ ಎಂಬ ಕಾರ್ಯಕ್ರಮ ಶುರುಮಾಡಿತು. ತರಬೇತಿ ಮೂರು ದಿನದ್ದು. 2024ರಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ ‘ನವಚೇತನ’ ಎಂಬ ಮಾರ್ಗದರ್ಶಿಯೂ ಬಂತು. ಪುಸ್ತಕ ಇದೆ, ಇಚ್ಛೆ ಇದೆ. ಆದರೆ ಮೂರು ದಿನ ಹಾಲ್‌ನಲ್ಲಿ ಕೂತು ಕೇಳಿದ್ದು ನಾಲ್ಕನೇ ದಿನ ಆರು ಮಕ್ಕಳು ಒಟ್ಟಿಗೆ ಅತ್ತಾಗ ನೆನಪಿಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ‘ಮೊದಲು ಈ ಮಗುವಿನ ಹತ್ತಿರ ಹೋಗಿ ಅಕ್ಕಾ, ಉಳಿದವರಿಗೆ ಬರ್ತೀನಿ ಅಂತ ಹೇಳಿ’ ಎನ್ನುವವರು ಬೇಕು.

ಒಂದು ವರ್ಷ ಎಂಬುದು ನಾವು ಗಾಳಿಯಲ್ಲಿ ಹೇಳುತ್ತಿರುವ ಮಾತಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಇದನ್ನು ಬರೆದಿದೆ: ಪಿಯುಸಿ ಅಥವಾ ಹೆಚ್ಚು ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ. ಕೆಲಸ ಬಿಡಬೇಕಿಲ್ಲ, ಫೋನ್ ಮತ್ತು ಟಿವಿ ಮೂಲಕ ಪಾಠ, ತಿಂಗಳಿಗೆ ಕನಿಷ್ಠ ಒಂದು ಮುಖಾಮುಖಿ ತರಗತಿ. ಆ ನೀತಿಯ ಬೇರೆ ವಿಷಯಗಳ ಬಗ್ಗೆ ಜಗಳಗಳಿವೆ, ಇರಲಿ. ಮಕ್ಕಳನ್ನು ನೋಡುವವರಿಗೆ ಆರು ತಿಂಗಳಿಂದ ಒಂದು ವರ್ಷ ಬೇಕು ಎಂಬುದನ್ನು ಸರ್ಕಾರದ ಕಾಗದವೇ ಒಪ್ಪಿದೆ. ಮೂರು ವರ್ಷದ ಮಗುವಿಗೆ ಅಕ್ಷರ ತೋರಿಸುವವರಿಗೆ ಇಷ್ಟು ಬೇಕಾದರೆ, ಮಾತೇ ಬಾರದ ಕೂಸನ್ನು ಎಂಟು ಗಂಟೆ ಹಿಡಿದುಕೊಳ್ಳುವವರಿಗೆ ಕಡಿಮೆ ಸಾಕೇ?

ಇದರಿಂದ ಮಗುವಿಗೆ ನಿಜಕ್ಕೂ ಲಾಭವಿದೆಯೇ ಎಂದು ಕೇಳುವವರಿಗೆ ದೂರದ ಒಂದು ಉದಾಹರಣೆ. ಜಮೈಕಾ ದೇಶದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ, ಬೆಳವಣಿಗೆ ಕುಂಠಿತವಾದ ಬಡ ಮಕ್ಕಳ ಮನೆಗೆ ಊರಿನ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರವಾರ ಹೋದರು. ಮಗುವಿನ ಜೊತೆ ಹೇಗೆ ಆಡಬೇಕು, ಮಾತಾಡಬೇಕು ಎಂದು ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷದ ಮೇಲೆ ನೋಡಿದರೆ, ಹಾಗೆ ಭೇಟಿ ಸಿಕ್ಕ ಮಕ್ಕಳ ಸಂಪಾದನೆ ಸಿಗದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಅದು ಮನೆಭೇಟಿಯ ಕಾರ್ಯಕ್ರಮ, ಶಿಶುಪಾಲನಾ ಕೇಂದ್ರವಲ್ಲ. ಆದರೆ ಆ ಹೆಂಗಸರು ದೊಡ್ಡ ಓದಿನವರಾಗಿರಲಿಲ್ಲ. ಅವರಿಗೆ ತರಬೇತಿ ಇತ್ತು, ತಪ್ಪದೆ ತಿದ್ದುವವರೂ ಇದ್ದರು. ನಮ್ಮ ಊರಿನ ಹೆಂಗಸರಿಗೂ ಬೇಕಾಗಿರುವುದು ಅದೇ.

ನಮ್ಮ ದೇಶದಲ್ಲೂ ಹಾದಿ ತೋರಿಸಿದವರಿದ್ದಾರೆ. 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವದ ಕಟ್ಟಡ ಕೆಲಸ ನಡೆಯುವಾಗ, ಮಣ್ಣಿನಲ್ಲಿ ಬಿದ್ದಿದ್ದ ಕೂಲಿಗಳ ಮಕ್ಕಳನ್ನು ನೋಡಿ ಮೀರಾ ಮಹಾದೇವನ್ ಅವರು ‘ಮೊಬೈಲ್ ಕ್ರೆಷಸ್’ ಶುರುಮಾಡಿದರು. ಟೆಂಟ್‌ನಲ್ಲಿ ಹುಟ್ಟಿದ ಆ ಸಂಸ್ಥೆ ಮಕ್ಕಳನ್ನು ನೋಡಿಕೊಳ್ಳುವುದರ ಜೊತೆಗೆ, ನೋಡಿಕೊಳ್ಳುವವರನ್ನು ತಯಾರು ಮಾಡುವುದನ್ನೂ ತನ್ನ ಕೆಲಸವೆಂದೇ ನಡೆಸಿಕೊಂಡು ಬಂದಿದೆ.

ಕೇಳಿಬರುವ ಆಕ್ಷೇಪಗಳು

‘ನಮ್ಮ ಅಜ್ಜಿ ಯಾವ ಟ್ರೈನಿಂಗ್ ತಗೊಂಡಿದ್ದರು?’ ಎಂಬುದು ಮೊದಲನೆಯದು. ತೆಗೆದುಕೊಂಡಿದ್ದರು. ತಂಗಿ ತಮ್ಮಂದಿರನ್ನು ಎತ್ತಿ, ಅಕ್ಕನ ಬಾಣಂತನ ನೋಡಿ, ಅತ್ತೆಯ ಕೈಕೆಳಗೆ ಕಲಿತು ಅಜ್ಜಿ ಆಗುವಷ್ಟರಲ್ಲಿ ಅವರಿಗೆ ನಲವತ್ತು ವರ್ಷದ ತರಬೇತಿ ಆಗಿರುತ್ತಿತ್ತು. ಅವರ ಕೈಯಲ್ಲಿ ಇರುತ್ತಿದ್ದದ್ದು ಒಂದೋ ಎರಡೋ ಸ್ವಂತ ಮೊಮ್ಮಕ್ಕಳು. ಬೇರೆಯವರ ಆರೇಳು ಕೂಸುಗಳನ್ನು ಒಟ್ಟಿಗೆ, ಒಬ್ಬರೇ, ದಿನವೂ ನೋಡುವುದು ಬೇರೆಯೇ ಕೆಲಸ.

‘ದುಡ್ಡು ಯಾರು ಕೊಡಬೇಕು?’ ಎಂಬುದು ಎರಡನೆಯದು. ನ್ಯಾಯವಾದ ಪ್ರಶ್ನೆ. ಹತ್ತು ಎಕರೆಯ ಬೆಳೆಗಾರರು ಒಬ್ಬರೇ ಶಿಶುಪಾಲನಾ ಕೇಂದ್ರ ನಡೆಸಲಾರರು, ನಡೆಸಿ ಎಂದು ನಾವು ಹೇಳುವುದೂ ಇಲ್ಲ. ಆದರೆ ಹತ್ತು ಜನ ಸಣ್ಣ ಬೆಳೆಗಾರರು ಪಂಚಾಯತಿ ಜೊತೆ ಸೇರಿ ಒಂದು ಕೂಸಿನ ಮನೆಗೆ ಕೈಜೋಡಿಸಬಹುದು. ದೊಡ್ಡ ಎಸ್ಟೇಟ್‌ಗಳಿಗೆ ಇದು ದಾನವಲ್ಲ, ಕಾನೂನಿನ ಬಾಧ್ಯತೆ. ಆಳು ಸಿಗುತ್ತಿಲ್ಲ ಎಂಬ ಮಾತು ಎಲ್ಲ ಸಭೆಗಳಲ್ಲೂ ಕೇಳುತ್ತೇವೆ. ಕೂಸು ಒಳ್ಳೆಯ ಕೈಯಲ್ಲಿದೆ ಎಂಬ ನೆಮ್ಮದಿ ಇದ್ದರೆ ಎಷ್ಟು ತಾಯಂದಿರು ಕೆಲಸಕ್ಕೆ ಬಂದಾರು, ಬಂದವರು ಮುಂದಿನ ವರ್ಷವೂ ಅದೇ ತೋಟಕ್ಕೆ ಬಂದಾರು ಎಂದೂ ಲೆಕ್ಕ ಹಾಕಬೇಕು.

‘ಕಲಿಸಿದ ಮೇಲೆ ಬಿಟ್ಟು ಹೋದರೆ?’ ಎಂಬುದು ಮೂರನೆಯದು. ಕೊಯ್ಲಿನಲ್ಲಿ ಹೆಚ್ಚು ಸಿಗುವಾಗ ಮಗು ನೋಡುವ ಕೆಲಸಕ್ಕೆ ಕಡಿಮೆ ಕೊಟ್ಟರೆ ಖಂಡಿತ ಬಿಟ್ಟು ಹೋಗುತ್ತಾರೆ. ಅದಕ್ಕೇ ಕೂಲಿ ಮತ್ತು ತರಬೇತಿ ಎರಡನ್ನೂ ಒಟ್ಟಿಗೆ ಕೇಳುತ್ತಿದ್ದೇವೆ. ಕಸಿಯವರಿಗೆ ಬೇರೆ ಕೂಲಿ ಕೊಡುವ ತೋಟಕ್ಕೆ ಇದು ಹೊಸ ಲೆಕ್ಕವೇನಲ್ಲ.

ಆಗಬೇಕಾದ್ದು

ನಾವು ಕೇಳುವ ಏರ್ಪಾಟು ದೊಡ್ಡದಲ್ಲ. ತಾಲ್ಲೂಕಿಗೆ ಒಂದು ಒಳ್ಳೆಯ ಕೇಂದ್ರವನ್ನು ಆರಿಸಿ ಅದನ್ನೇ ಕಲಿಯುವ ಜಾಗ ಮಾಡಲಿ. ಮೂಡಿಗೆರೆಗೆ ಒಂದು, ಈಗ ಬೇರೆ ತಾಲ್ಲೂಕಾಗಿರುವ ಕಳಸಕ್ಕೆ ಒಂದು. ಹೊಸದಾಗಿ ಸೇರಿದ ಆಯಾ ಮೊದಲ ತಿಂಗಳು ಅಲ್ಲಿ ಅನುಭವಿಯೊಬ್ಬರ ಜೊತೆ ಇದ್ದು ನೋಡಿ ಕಲಿಯಲಿ. ಆಮೇಲೆ ತಮ್ಮ ಕೇಂದ್ರಕ್ಕೆ ಮರಳಲಿ. ಮಾರ್ಗದರ್ಶಿ ಒಬ್ಬರು ಹದಿನೈದು ದಿನಕ್ಕೊಮ್ಮೆ ಬಂದು ಅರ್ಧ ದಿನ ಜೊತೆಗಿದ್ದು ತಿದ್ದಲಿ. ತಿಂಗಳಿಗೊಮ್ಮೆ ಸುತ್ತಲಿನ ಆಯಾಗಳೆಲ್ಲ ಒಂದೆಡೆ ಸೇರಿ ತಮ್ಮ ಕಷ್ಟ ಹಂಚಿಕೊಳ್ಳಲಿ. ಮಳೆಗಾಲದಲ್ಲಿ ಗುಡ್ಡದ ಮೇಲೆ ನೆಟ್‌ವರ್ಕ್ ಇರುವುದಿಲ್ಲ, ಆದ್ದರಿಂದ ಫೋನ್ ಪಾಠವನ್ನೇ ನಂಬಿ ಕೂರಬಾರದು. ವರ್ಷದ ಕೊನೆಗೆ ಬರೆಯುವ ಪರೀಕ್ಷೆ ಬೇಡ, ಓದು ಬರಹ ಕಡಿಮೆ ಇದ್ದವರಲ್ಲೂ ಒಳ್ಳೆಯ ಕೈ ಇರುತ್ತದೆ. ಅವರು ಮಗುವಿನ ಜೊತೆ ಕೆಲಸ ಮಾಡುವುದನ್ನು ನೋಡಿ ಸರ್ಟಿಫಿಕೇಟ್ ಕೊಡಲಿ. ಸರ್ಟಿಫಿಕೇಟ್ ಇದ್ದವರಿಗೆ ವರ್ಷಪೂರ್ತಿ ಕೆಲಸ, ಕುಶಲ ಕೂಲಿ.

ಕಾಗದ ಎಲ್ಲಿಗೆ ಹೋಗಬೇಕು ಎಂದೂ ನಮಗೆ ಗೊತ್ತಿದೆ: ಗ್ರಾಮೀಣಾಭಿವೃದ್ಧಿ ಇಲಾಖೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಕಾರ್ಮಿಕ ಇಲಾಖೆ. ಮೂರೂ ಒಂದನ್ನೊಂದು ತೋರಿಸಿ ಸುಮ್ಮನಾಗದಂತೆ ಜಿಲ್ಲಾ ಪಂಚಾಯತಿ ಒಟ್ಟಿಗೆ ಕೂರಿಸಬೇಕು.

ಓದುಗರಾದ ನೀವೂ ಒಂದು ಕೆಲಸ ಮಾಡಬಹುದು. ಮುಂದಿನ ಗ್ರಾಮಸಭೆಗೆ ಹೋದಾಗ ಮೂರು ಪ್ರಶ್ನೆ ಕೇಳಿ. ನಮ್ಮ ಪಂಚಾಯತಿಯಲ್ಲಿ ಕೂಸಿನ ಮನೆ ಇದೆಯೇ, ತೆರೆದಿದೆಯೇ? ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಕಳೆದ ವರ್ಷ ಎಷ್ಟು ಸಲ ಬದಲಾದರು? ಅವರಿಗೆ ಎಷ್ಟು ದಿನದ ತರಬೇತಿ ಸಿಕ್ಕಿದೆ, ಕೊಟ್ಟವರು ಯಾರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಫೋಟೋ ತೆಗೆದು ನಮಗೂ ಕಳಿಸಿ. ಹತ್ತು ಪಂಚಾಯತಿಗಳ ಉತ್ತರ ಕೈಗೆ ಬಂದರೂ ಸಾಕು, ಇಲಾಖೆಯ ಮುಂದೆ ಇಟ್ಟು ಮಾತಾಡಲು ನಮಗೊಂದು ಆಧಾರ ಸಿಗುತ್ತದೆ.